ಒಂದು ಬೀಸು, ಒಂದು ಬಿಡುವು

ಜುಲೈ ತಿಂಗಳಲ್ಲಿ ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿಗೆ ಚೆಂಡುಹೂವು, ಸೂರ್ಯಕಾಂತಿ. ಕಾರು ನಿಲ್ಲಿಸಿ ಫೋಟೊ ತೆಗೆಯುವವರೆಲ್ಲ ಹೂವನ್ನು ನೋಡುತ್ತಾರೆ. ಒಂದೈದು ನಿಮಿಷ ಹೂವನ್ನು ಬಿಟ್ಟು ಹೊಲವನ್ನು ನೋಡಿ. ಪಡುವಲ ಬದುವಿನ ಹತ್ತಿರ ಗಿಡಗಳು ತಲೆಬಾಗುತ್ತವೆ. ಆ ಬಾಗು ಹೊಲದುದ್ದಕ್ಕೂ ಓಡಿ ಬಂದು, ನಿಮ್ಮ ಅಂಗಿಯನ್ನು ಮೈಗೆ ಒತ್ತಿ, ರಸ್ತೆಯಾಚೆಗೆ ದಾಟಿಹೋಗುತ್ತದೆ. ಗಿಡಗಳು ಮತ್ತೆ ನೆಟ್ಟಗಾಗುತ್ತವೆ. ನಾಲ್ಕಾರು ಉಸಿರಿನಷ್ಟು ಬಿಡುವು. ಆಮೇಲೆ ಇನ್ನೊಂದು.

ಜಪಾನಿನ ಇನೌಎ ಎಂಬ ವಿಜ್ಞಾನಿ 1950ರ ದಶಕದಲ್ಲಿ ಬೆಳೆಗಳ ಮೇಲೆ ಓಡುವ ಈ ಬಾಗನ್ನು ಅಭ್ಯಾಸ ಮಾಡಿ 'ಹೊನಾಮಿ' ಎಂಬ ಮಾತನ್ನು ವಿಜ್ಞಾನಕ್ಕೆ ತಂದರು. ತೆನೆಯ ಅಲೆ ಎಂದು ಅದರ ಅರ್ಥ. ಗಾಳಿ ಒಂದೇ ಸಮನೆ ಹರಿಯುವ ವಸ್ತುವಲ್ಲ, ತುಂಡು ತುಂಡಾಗಿ ನೆಲಕ್ಕೆ ಬಡಿಯುವ ವಸ್ತು ಎಂಬುದನ್ನು ಯಾವ ಉಪಕರಣವೂ ಇಲ್ಲದೆ ತೋರಿಸಿಕೊಡುವ ಪಾಠ ಇದು. ಹೀಗೆ ಬರುವ ಒಂದೊಂದು ತುಂಡನ್ನು ಹವಾಮಾನದವರು ಗಸ್ಟ್ ಎನ್ನುತ್ತಾರೆ. ನಾನು 'ಬೀಸು' ಎನ್ನುತ್ತೇನೆ.

ಈ ಅಧ್ಯಾಯ ಕಡಲಿನ ಅಲೆಗಳ ನಡುವೆ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಓಡುವ ಆಟ) ಹಾಯಿಯನ್ನು ಪರೀಕ್ಷೆ ಮಾಡುವುದರ ಬಗ್ಗೆ. ಹಾಯಿಯೇ ಕಾಣದ ಗುಂಡ್ಲುಪೇಟೆಯಲ್ಲಿ ಕಥೆಯನ್ನು ಶುರುಮಾಡಲು ಕಾರಣವಿದೆ. ಕಡಲಿನ ಮೇಲೆ ಬೀಸುವ ಗಾಳಿಯೇ ಇಲ್ಲಿಗೂ ಬರುತ್ತದೆ. ಗುಂಡ್ಲುಪೇಟೆಯಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ ಕಣ್ಣೂರು ಕಡೆಯ ಕಡಲತಡಿ ಸುಮಾರು 140 ಕಿಲೋಮೀಟರ್. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿಗೆ ಇದು ನಾಲ್ಕು ಗಂಟೆಯ ದಾರಿ. ಬೆಳಿಗ್ಗೆ ಒಂಬತ್ತಕ್ಕೆ ತೀರ ದಾಟಿದ ಗಾಳಿ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಹೊಲದಲ್ಲಿರುತ್ತದೆ. ನಡುವೆ ವಯನಾಡಿನ ಮೇಲೆ ಮಳೆಯ ಹೊರೆಯನ್ನು ಇಳಿಸಿ, ಹಗುರಾಗಿ, ಒಣಗಿ ಬರುತ್ತದೆ. ಆಷಾಢದಲ್ಲಿ ವಯನಾಡಿನವರಿಗೆ ಕೊಡೆ, ನಮಗೆ ಗಾಳಿಪಟ.

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೆತ್ತಿ 1,454 ಮೀಟರ್. ಅಲ್ಲಿ ಮೋಡ ದೇವಸ್ಥಾನದ ಬಾಗಿಲೊಳಗೇ ನುಗ್ಗುವುದನ್ನು, ಹೆಂಗಸರ ಸೆರಗು ನಿಲ್ಲದೆ ಹಾರುವುದನ್ನು ಹೋದವರೆಲ್ಲ ಕಂಡಿದ್ದಾರೆ. ಆದರೆ ಆ ಎತ್ತರಕ್ಕೆ ಇನ್ನೊಂದು ಮಹತ್ವವಿದೆ. 1966ರಲ್ಲಿ ಪಿ. ವಿ. ಜೋಸೆಫ್ ಮತ್ತು ಪಿ. ಎಲ್. ರಾಮನ್ ಎಂಬ ನಮ್ಮ ದೇಶದ ಹವಾಮಾನ ವಿಜ್ಞಾನಿಗಳು ಬಲೂನಿನ ಅಳತೆಗಳನ್ನು ಕಲೆಹಾಕಿ, ಜುಲೈನಲ್ಲಿ ದಕ್ಷಿಣ ಭಾರತದ ಮೇಲೆ ಕಡಲಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದ ಗಾಳಿಯ ಒಂದು ಬಲವಾದ ಹೊನಲು ಹರಿಯುತ್ತದೆ ಎಂದು ತೋರಿಸಿದರು. ಮೂರು ವರ್ಷದ ನಂತರ, 1969ರಲ್ಲಿ, ಬ್ರಿಟನ್ನಿನ ಫೈಂಡ್ಲೇಟರ್ ಅದೇ ಹೊನಲನ್ನು ಆಫ್ರಿಕಾದ ಪೂರ್ವ ತೀರದಿಂದ ಅರಬ್ಬಿ ಸಮುದ್ರದವರೆಗೂ ಹಿಂಬಾಲಿಸಿದರು. ಹೊರಗಿನ ಪುಸ್ತಕಗಳಲ್ಲಿ ಅದಕ್ಕೆ ಫೈಂಡ್ಲೇಟರ್ ಹೆಸರೇ ಗಟ್ಟಿಯಾಗಿ ಉಳಿದಿದೆ. ಜೋಸೆಫ್ ಮತ್ತು ರಾಮನ್ ಅವರ ಹೆಸರೂ ನಮ್ಮ ಶಾಲೆಯ ಪಾಠಗಳಲ್ಲಿ ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮುಂಗಾರಿನ ನೀರಿನ ದೊಡ್ಡ ಪಾಲನ್ನು ಹೊತ್ತು ತರುವ ಈ ಹೊನಲಿನ ನಡುಮಟ್ಟ ಹೆಚ್ಚುಕಡಿಮೆ ಗೋಪಾಲಸ್ವಾಮಿ ಬೆಟ್ಟದ ನೆತ್ತಿಯ ಮಟ್ಟ. ಬೆಟ್ಟದ ಮೇಲೆ ನಿಂತವರು ಆ ಹೊನಲಿನಲ್ಲೇ ಮುಳುಗಿ ನಿಂತಿರುತ್ತಾರೆ.

ಕೆಳಗಿನ ಹೊಲದಲ್ಲಿ ಸಿಗುವುದು ಅದರ ತುಣುಕುಗಳು. ನೆಲಕ್ಕೆ ತಾಗುವ ಗಾಳಿಯನ್ನು ಕಲ್ಲು, ಮರ, ಮನೆ, ಬೇಲಿ ಎಲ್ಲವೂ ಹಿಡಿದೆಳೆದು ನಿಧಾನ ಮಾಡುತ್ತವೆ. ಮೇಲಿನದು ಓಡುತ್ತದೆ, ಕೆಳಗಿನದು ತೆವಳುತ್ತದೆ. ಎರಡರ ನಡುವಿನ ಪದರ ಹರಿದು, ಸುರುಳಿ ಸುತ್ತಿ, ಮೇಲಿನ ವೇಗದ ಗಾಳಿಯ ಒಂದು ತುಂಡನ್ನು ಧೊಪ್ಪನೆ ನೆಲಕ್ಕೆ ತರುತ್ತದೆ. ಬೀಸು ಎಂದರೆ ಇದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರಹರಿ ರಾವ್, ರೊದ್ದಂ ನರಸಿಂಹ ಮತ್ತು ಬದರಿ ನಾರಾಯಣನ್ 1971ರಲ್ಲಿ ಪ್ರಕಟಿಸಿದ ಸಂಶೋಧನೆ ಇಂಥ ಸ್ಫೋಟಗಳ ಬಗ್ಗೆಯೇ. ಗಟ್ಟಿ ಮೈಯ ಪಕ್ಕದಲ್ಲಿ ಹರಿಯುವ ಪ್ರಕ್ಷುಬ್ಧ ಗಾಳಿ ಬಿಟ್ಟು ಬಿಟ್ಟು ಸಿಡಿಯುತ್ತದೆ. ಆ ಸಿಡಿತಗಳಿಗೆ ಎಷ್ಟು ಹೊತ್ತಿಗೊಮ್ಮೆ ಎಂಬ ಒಂದು ಲಯವಿದೆ ಎಂದು ಅವರು ಕಂಡುಕೊಂಡರು. ಮುಂದೆ 1990ರಲ್ಲಿ ಮಾಂಟ್‌ಬ್ಲೆಕ್ಸ್ ಎಂಬ ದೊಡ್ಡ ಪ್ರಯೋಗದಲ್ಲಿ ಜೋಧಪುರದಿಂದ ಖರಗಪುರದವರೆಗೆ ಗೋಪುರಗಳನ್ನು ನಿಲ್ಲಿಸಿ ಮುಂಗಾರಿನ ಕೆಳಪದರದ ಗಾಳಿಯನ್ನು ಅಳೆದಾಗಲೂ ನರಸಿಂಹ ಅದರ ಮುಂದಾಳುಗಳಲ್ಲಿ ಒಬ್ಬರು. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತ, ಕನ್ನಡದಲ್ಲಿ ವಿಜ್ಞಾನ ಬರೆದವರು. ಈ ಪುಸ್ತಕದಂಥ ಪುಸ್ತಕಗಳಿಗೆ ದಾರಿ ಕಡಿದವರು. ಅವರ ಮನೆಯಿಂದಲೇ ಗಾಳಿಯ ಇಂಥ ಸೂಕ್ಷ್ಮ ಓದು ಹೊರಟಿತೆಂಬುದು ನನಗೆ ಸಂತೋಷದ ವಿಷಯ.

ಇದರಿಂದ ತಿಳಿಯಬೇಕಾದದ್ದು ಒಂದು. ಗಾಳಿ ಸಮನಾಗಿ ಬೀಸುತ್ತಿದೆ, ನಡುನಡುವೆ ಬೀಸು ಬಂದು ತೊಂದರೆ ಕೊಡುತ್ತಿದೆ ಎಂದುಕೊಳ್ಳುವುದು ತಪ್ಪು. ಮೇಲಿನ ಗಾಳಿ ತನ್ನ ಬಲವನ್ನು ನೆಲಕ್ಕೂ ನೀರಿಗೂ ಕೊಡುವ ಬಗೆಯೇ ಬೀಸು. ಸಮನಾದ ಗಾಳಿ ಎನ್ನುವುದು ನಾವು ಕಾಗದದ ಮೇಲೆ ತೆಗೆಯುವ ಸರಾಸರಿ.

ಆ ಸರಾಸರಿ ಎಷ್ಟು ಅಪಾಯಕರ ಎಂಬುದನ್ನು 1879ರ ಡಿಸೆಂಬರ್ 28ರ ರಾತ್ರಿ ಸ್ಕಾಟ್ಲೆಂಡಿನ ಟೇ ಸೇತುವೆ ರೈಲಿನ ಸಮೇತ ಕುಸಿದು ತೋರಿಸಿತು. ಆಗ ಬಳಕೆಯಲ್ಲಿದ್ದದ್ದು ತಿರುಗುವ ಬಟ್ಟಲುಗಳ ಮಾಪಕ. ಗಂಟೆಯಲ್ಲಿ ಎಷ್ಟು ಗಾಳಿ ಹಾದುಹೋಯಿತು ಎಂಬುದನ್ನು ಅದು ಚೆನ್ನಾಗಿ ಹೇಳುತ್ತಿತ್ತು, ಒಂದು ಕ್ಷಣದ ಹೊಡೆತವನ್ನು ಹೇಳುತ್ತಿರಲಿಲ್ಲ. ಆ ದುರಂತದ ನಂತರದ ಹುಡುಕಾಟದಲ್ಲೇ ವಿಲಿಯಂ ಡೈನ್ಸ್ ಗಾಳಿಯ ಒತ್ತಡವನ್ನು ಕೊಳವೆಯಲ್ಲಿ ಹಿಡಿದು, ಒಂದೊಂದು ಬೀಸನ್ನೂ ಕಾಗದದ ಮೇಲೆ ಗೀಚುವ ಮಾಪಕ ಕಟ್ಟಿದರು. ಇವತ್ತಿನ ಅಂತರರಾಷ್ಟ್ರೀಯ ರೂಢಿಯಲ್ಲಿ ಗಾಳಿಯ ವೇಗ ಎಂದರೆ 10 ನಿಮಿಷದ ಸರಾಸರಿ, ಬೀಸು ಎಂದರೆ ಆ ಹೊತ್ತಿನಲ್ಲಿ ಕಂಡ ಅತಿ ಹೆಚ್ಚಿನ 3 ಸೆಕೆಂಡಿನ ಸರಾಸರಿ. ಎರಡರ ಅನುಪಾತ ತೆರೆದ ಕಡಲಿನ ಮೇಲೆ ಸುಮಾರು 1.2ರಿಂದ 1.3. ಮರ ಮನೆಗಳಿರುವ ನೆಲದ ಮೇಲೆ 1.6ನ್ನೂ ದಾಟುತ್ತದೆ. ಅಂದರೆ ನಮ್ಮ ಹೊಲದ ಗಾಳಿ ಕಡಲಿನ ಗಾಳಿಗಿಂತ ಮೆತ್ತಗಿದ್ದರೂ ಒರಟು.

ಗಾಳಿಯ ಬಲದ ಲೆಕ್ಕ ಸರಳ. ಒಂದು ಘನ ಮೀಟರ್ ಗಾಳಿ ಕಡಲಮಟ್ಟದಲ್ಲಿ ಸುಮಾರು 1.2 ಕಿಲೋ ತೂಗುತ್ತದೆ. ಅದರ ಒತ್ತಡ ವೇಗದ ವರ್ಗದಂತೆ ಏರುತ್ತದೆ. 5 ಚದರ ಮೀಟರಿನ ಹಾಯಿ ಹಿಡಿದವನಿಗೆ ಗಂಟೆಗೆ 29 ಕಿಲೋಮೀಟರಿನ ಗಾಳಿಯಲ್ಲಿ ಸುಮಾರು 20 ಕಿಲೋ ತೂಕದಷ್ಟು ಎಳೆತ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು, 80 ಕಿಲೋ ಹತ್ತಿರ. ಮೊದಲಿನದು ಒಂದು ದೊಡ್ಡ ಕೊಡ ನೀರು. ಎರಡನೆಯದು ಒಂದೂವರೆ ಮೂಟೆ ಅಕ್ಕಿ. ಒರಟು ಗಾಳಿಯಲ್ಲಿ ಬಿಡುವಿನಿಂದ ಬೀಸಿಗೆ ದಾಟುವಾಗ ಇದು ಒಂದೆರಡು ಸೆಕೆಂಡಿನ ಒಳಗೆ ಆಗಬಹುದಾದ ಬದಲಾವಣೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ ಗೋಪಾಲಸ್ವಾಮಿ ಬೆಟ್ಟದ ಮೇಲೆ ಅಷ್ಟೇ ವೇಗದ ಗಾಳಿಯ ನೂಕು ಕಡಲತಡಿಗಿಂತ ನೂರಕ್ಕೆ ಹದಿಮೂರರಷ್ಟು ಕಡಿಮೆ. ಮಾಪಕದಲ್ಲಿ ಒಂದೇ ಅಂಕಿ ಕಂಡರೂ ಕೈಗೆ ಸಿಗುವ ಗಾಳಿ ಬೇರೆ ಬೇರೆ.

ಈ ನಾಲ್ಕು ಪಟ್ಟಿನ ಏರಿಳಿತವನ್ನು ಮೊದಲು ನನಗೆ ಕಲಿಸಿದ್ದು ಆಷಾಢದ ಗಾಳಿಪಟ. ಪಟ ಕಟ್ಟಿಕೊಡುತ್ತಿದ್ದವರು ನಮ್ಮ ಚಿಕ್ಕಪ್ಪ. ಹಳೆ ಪೇಪರು, ತೆಂಗಿನಗರಿಯ ಕಡ್ಡಿ, ಅಂಟಿಗೆ ಅನ್ನದ ಅಗುಳು, ಬಾಲಂಗೋಚಿಗೆ ಹರಿದ ಪಂಚೆ. ಬಾಗಿಸಿ ಕಟ್ಟುವ ಅಡ್ಡಕಡ್ಡಿಯನ್ನು ಅವರು ಎರಡು ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದರು. ದಪ್ಪ ಕಡ್ಡಿ ಗಟ್ಟಿ, ಅದನ್ನೇ ಹಾಕೆಂದು ನಾನು ಹಟ ಮಾಡಿದರೆ ಹೇಳುತ್ತಿದ್ದರು: "ಬ್ಯಾಡ ಕನ ಮೊಗ. ಗಾಳಿ ಬಂದ್ರ ಕಡ್ಡಿ ಬಾಗ್ಬೇಕು. ಬಾಗ್ನಿಲ್ಲ ಅಂದ್ರ ದಾರ ಕಿತ್ಕತದ." ಅವರ ಮಾತು ಕೇಳದೆ ದಪ್ಪ ಕಡ್ಡಿ ಹಾಕಿದ ನನ್ನ ಪಟ ಮೊದಲ ಬೀಸಿಗೇ ಸೂತ್ರ ಹರಿದುಕೊಂಡು ಕೆರೆಯಾಚೆಗೆ ಹೋಯಿತು. ತೆಳು ಕಡ್ಡಿಯ ಪಟ ಬೀಸು ಬಂದಾಗ ತನ್ನ ಎರಡೂ ಹೆಗಲನ್ನು ಹಿಂದಕ್ಕೆ ಮಡಿಸಿ, ಹೆಚ್ಚಿನ ಗಾಳಿಯನ್ನು ಪಕ್ಕಕ್ಕೆ ಚೆಲ್ಲಿ, ಬೀಸು ಕಳೆದ ಮೇಲೆ ಮತ್ತೆ ಎದೆ ಚಾಚುತ್ತಿತ್ತು. ಬಾಲಂಗೋಚಿ ಅದನ್ನು ನೆಟ್ಟಗೆ ನಿಲ್ಲಿಸುತ್ತಿತ್ತು, ಸೂತ್ರದ ಗಂಟು ಗಾಳಿಗೆ ಅದು ಒಡ್ಡುವ ಕೋನವನ್ನು ನಿರ್ಧರಿಸುತ್ತಿತ್ತು. ಆ ಗಂಟನ್ನು ಅರ್ಧ ಬೆರಳು ಸರಿಸಿದರೂ ಸಾಕು, ಏರುವ ಪಟ ಗಿರಕಿ ಹೊಡೆದು ಬೀಳುತ್ತಿತ್ತು.

ವಿಂಡ್‌ಸರ್ಫಿಂಗಿನ ಹುಟ್ಟಿನಲ್ಲೂ ಗಾಳಿಪಟ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದ ನ್ಯೂಮನ್ ಡಾರ್ಬಿ 1964ರಲ್ಲಿ ಕಟ್ಟಿದ ಹಾಯಿಹಲಗೆಗೆ ಇದ್ದದ್ದು ಗಾಳಿಪಟದ ಆಕಾರದ ಹಾಯಿಯೇ. ಅವರು ಅದರ ವಿವರವನ್ನು 1965ರ ಆಗಸ್ಟಿನಲ್ಲಿ 'ಪಾಪ್ಯುಲರ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಒಂದು ಕಡಲಾಟದ ಹುಟ್ಟಿನ ಕಥೆಯಲ್ಲಿ ಜನಪ್ರಿಯ ವಿಜ್ಞಾನದ ಪತ್ರಿಕೆಯೊಂದರ ಪುಟವೂ ಇದೆ ಎನ್ನಲು ನನಗೆ ಹೆಮ್ಮೆಯಾಗುತ್ತದೆ. ಅದಕ್ಕೂ ಮುಂಚೆ, 1958ರಲ್ಲಿ, ಇಂಗ್ಲೆಂಡಿನ ಪೀಟರ್ ಚಿಲ್ವರ್ಸ್ ಎಂಬ ಹುಡುಗ ಹೇಲಿಂಗ್ ದ್ವೀಪದ ಬಳಿ ಹಲಗೆಗೆ ಹಾಯಿ ಕಟ್ಟಿ ಆಡಿದ್ದ. 1967ರಲ್ಲಿ ವಿಮಾನ ಎಂಜಿನಿಯರ್ ಜಿಮ್ ಡ್ರೇಕ್ ಮೂರು ಮೂಲೆಯ ಹಾಯಿಯನ್ನು ಎಲ್ಲ ದಿಕ್ಕಿಗೂ ಬಾಗುವ ಕೀಲಿನ ಮೇಲೆ ನಿಲ್ಲಿಸಿದರು. ಡ್ರೇಕ್ ಮತ್ತು ಅವರ ಜೊತೆಗಾರ ಹೋಯ್ಲ್ ಶ್ವೈಟ್ಸರ್ 1968ರಲ್ಲಿ ಪೇಟೆಂಟ್ ಕೇಳಿದರು. ಮುಂದೆ ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಚಿಲ್ವರ್ಸ್‌ನ ಹುಡುಗಾಟದ ಹಲಗೆಯೇ ಆ ಪೇಟೆಂಟನ್ನು ಬೀಳಿಸಿತು. 1984ರಲ್ಲಿ ಆಟ ಒಲಿಂಪಿಕ್ಸ್ ಸೇರಿತು.

ಆ ಕೀಲೇ ಎಲ್ಲಕ್ಕೂ ಮೂಲ. ನಮ್ಮ ಕರಾವಳಿಯ ಹಳೆಯ ಹಾಯಿಹಡಗುಗಳಾದ ಮಂಜಿಗಳಲ್ಲಿ ಹಾಯಿಯ ಕಂಬವಾದ ಕೂವೆಮರವನ್ನು ಹಗ್ಗಗಳು ನಾಲ್ಕೂ ಕಡೆಯಿಂದ ಬಿಗಿದಿರುತ್ತಿದ್ದವು. ಬೀಸಿನ ಹೊಡೆತ ಹಗ್ಗಕ್ಕೆ, ಹಗ್ಗದಿಂದ ಒಡಲಿಗೆ ಹೋಗುತ್ತಿತ್ತು. ವಿಂಡ್‌ಸರ್ಫಿಂಗಿನಲ್ಲಿ ಕಂಬವನ್ನು ಹಾಗೆ ಬಿಗಿಯುವ ಹಗ್ಗವೇ ಇಲ್ಲ. ಕಂಬವನ್ನು ನಿಲ್ಲಿಸುವುದು ಮನುಷ್ಯನ ಎರಡು ಕೈ, ಸೊಂಟಕ್ಕೆ ಕಟ್ಟಿದ ಒಂದು ಕೊಕ್ಕೆ, ಹಿಂದಕ್ಕೆ ವಾಲಿದ ಅವನ ಮೈತೂಕ. ಇಪ್ಪತ್ತು ಕಿಲೋ ಎಂಬತ್ತು ಕಿಲೋ ಆಗುವ ಲೆಕ್ಕ ನೇರವಾಗಿ ಅವನ ಹೆಗಲಿಗೆ ಬಂದು ನಿಲ್ಲುತ್ತದೆ.

ಮನುಷ್ಯನ ಮೈಗೆ ಇದಕ್ಕೆ ಉತ್ತರ ಕೊಡುವಷ್ಟು ಚುರುಕಿಲ್ಲ. ಕಣ್ಣಿಗೆ ಕಂಡದ್ದಕ್ಕೆ ಕೈ ಅಲುಗಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಎಪ್ಪತ್ತು ಕಿಲೋದ ಮೈಯನ್ನು ಹಿಂದಕ್ಕೆ ಚೆಲ್ಲಲು ಅದಕ್ಕಿಂತ ಬಹಳ ಹೆಚ್ಚು. ಅಷ್ಟರೊಳಗೆ ಬೀಸು ಅರ್ಧ ಕೆಲಸ ಮುಗಿಸಿರುತ್ತದೆ. ಹಾಗಾಗಿ ಮೊದಲ ಉತ್ತರವನ್ನು ಹಾಯಿಯೇ ಕೊಡಬೇಕು, ಮನುಷ್ಯ ಎರಡನೆಯದನ್ನು ಕೊಡಬಹುದು. ಒಳ್ಳೆಯ ಹಾಯಿಯ ಗುಣ ಅದು ಎಷ್ಟು ಗಾಳಿ ಹಿಡಿಯುತ್ತದೆ ಎಂಬುದರಲ್ಲಿಲ್ಲ, ಎಷ್ಟನ್ನು ಯಾವಾಗ ಬಿಡಬೇಕೆಂದು ಅದಕ್ಕೆ ಗೊತ್ತಿದೆ ಎಂಬುದರಲ್ಲಿದೆ.

ಬಿಡುವುದು ಹೇಗೆ ಎಂದು ತಿಳಿಯಬೇಕಾದರೆ ಗುಂಡ್ಲುಪೇಟೆ, ಚಾಮರಾಜನಗರದ ಯಾವ ಬಾಳೆತೋಟಕ್ಕಾದರೂ ಹೋಗಬಹುದು. ಬಾಳೆ ಎಲೆ ಹುಟ್ಟುವಾಗ ಒಂದೇ ಹಾಳೆ. ಎರಡು ಮೀಟರ್ ಉದ್ದದ, ತಡೆಯಿಲ್ಲದ ಹಾಯಿ ಅದು. ಅದರ ನರಗಳು ನಡುದಿಂಡಿನಿಂದ ಅಂಚಿಗೆ ಒಂದರ ಪಕ್ಕ ಒಂದು ಓಡುತ್ತವೆ. ಬೀಸು ಬಂದಾಗ ಎಲೆ ನರಗಳ ನಡುವೆ ಸೀಳಿ ಪಟ್ಟಿ ಪಟ್ಟಿಯಾಗುತ್ತದೆ. ಎಲೆ ಊಟಕ್ಕೆ ಆಗದೆ ಹೋಯಿತಲ್ಲ ಎಂದು ನಾವು ನೊಂದುಕೊಳ್ಳುತ್ತೇವೆ. ಗಿಡಕ್ಕೆ ಅದು ನಷ್ಟವಲ್ಲ. ನರಗಳು ತುಂಡಾಗಿಲ್ಲವಾದ್ದರಿಂದ ನೀರೂ ಆಹಾರವೂ ಹರಿಯುತ್ತಲೇ ಇರುತ್ತವೆ, ಗಾಳಿ ಮಾತ್ರ ಪಟ್ಟಿಗಳ ನಡುವೆ ಸೋರಿಹೋಗುತ್ತದೆ. ಅಮೆರಿಕದ ಜೀವವಿಜ್ಞಾನಿ ಸ್ಟೀವನ್ ವೋಗೆಲ್ ಅಗಲ ಎಲೆಗಳನ್ನು ಗಾಳಿಸುರಂಗದಲ್ಲಿಟ್ಟು 1989ರಲ್ಲಿ ತೋರಿಸಿದ್ದು ಇದರ ಇನ್ನೊಂದು ರೂಪ. ಎಷ್ಟೋ ಎಲೆಗಳು ಜೋರುಗಾಳಿಯಲ್ಲಿ ಕಡಲೆಕಾಯಿ ಪೊಟ್ಟಣದಂತೆ ಸುತ್ತಿಕೊಳ್ಳುತ್ತವೆ. ಬಗ್ಗದ ಹಲಗೆಯ ಮೇಲೆ ಎಳೆತ ವೇಗದ ವರ್ಗದಂತೆ ಏರಿದರೆ ಈ ಎಲೆಗಳ ಮೇಲೆ ಅದಕ್ಕಿಂತ ನಿಧಾನವಾಗಿ ಏರುತ್ತದೆ. ಆದರೂ ಗೊನೆ ಹೊತ್ತ ಬಾಳೆ ಮುಂಗಾರುಪೂರ್ವ ಗುಡುಗುಮಳೆಯ ಒಂದು ಬೀಸಿಗೆ ಸಾಲು ಸಾಲಾಗಿ ಮುರಿದು ಬೀಳುವುದನ್ನು ನಮ್ಮ ರೈತರು ಏಪ್ರಿಲ್, ಮೇ ತಿಂಗಳಲ್ಲಿ ಕಾಣುತ್ತಾರೆ. ವರ್ಷದ ದುಡಿಮೆ ಹತ್ತು ನಿಮಿಷದಲ್ಲಿ ನೆಲಸಮ. ಆ ಗಾಳಿ ಮೋಡದೊಳಗಿನಿಂದ ತಣ್ಣಗಾಗಿ ನೇರ ಕೆಳಕ್ಕೆ ಸುರಿದು ನೆಲದ ಮೇಲೆ ಹರಡುವ ಬೇರೆಯದೇ ಜಾತಿಯ ಬೀಸು. ಎಲೆ ಎಷ್ಟು ಬಿಟ್ಟುಕೊಟ್ಟರೂ ತಲೆಭಾರದ ದಿಂಡು ತಾಳುವುದಿಲ್ಲ.

ವಿಂಡ್‌ಸರ್ಫಿಂಗ್ ಹಾಯಿ ಸೀಳುವಂತಿಲ್ಲ, ತಿರುಚಿಕೊಳ್ಳಬಹುದು. ಅಲೆಗಳ ನಡುವಿನ ಆಟಕ್ಕೆ ಬಳಸುವ ಹಾಯಿಗಳು ಚಿಕ್ಕವು, 3.7ರಿಂದ 5.3 ಚದರ ಮೀಟರಿನ ಆಸುಪಾಸು. ಕಂಬ 370 ಅಥವಾ 400 ಸೆಂಟಿಮೀಟರ್ ಉದ್ದದ ಟೊಳ್ಳು ಕೊಳವೆ, ಕಾರ್ಬನ್ ನಾರಿನದು. ಹಾಯಿಯ ಮುಂದಂಚಿನ ತೋಳಿನೊಳಗೆ ಕಂಬವನ್ನು ತೂರಿಸಿ, ಬುಡದಲ್ಲಿ ರಾಟೆಗಳ ಮೇಲೆ ಸುತ್ತಿದ ಹಗ್ಗದಿಂದ ಹಾಯಿಯನ್ನು ಬಲವಾಗಿ ಕೆಳಕ್ಕೆ ಎಳೆಯುತ್ತಾರೆ. ಡೌನ್‌ಹಾಲ್ ಎನ್ನುವುದು ಇದಕ್ಕೆ. ಎಳೆದಂತೆ ಕಂಬ ಬಿಲ್ಲಿನಂತೆ ಬಾಗುತ್ತದೆ. ಕಂಬ ಬಾಗಿದಂತೆ ಹಾಯಿಯ ಕೆಳಭಾಗ ಬಿಗಿಯಾಗುತ್ತದೆ, ಮೇಲಿನ ಹಿಂದಂಚು ಮಾತ್ರ ಸಡಿಲವಾಗಿ ಜೋಲುತ್ತದೆ. ದಡದ ಮೇಲೆ ಮಲಗಿಸಿದಾಗ ಆ ಸಡಿಲು ನೋಡಿದ ಹೊಸಬರು ಸರಿಯಾಗಿ ಕಟ್ಟಿಲ್ಲವೆಂದು ಮತ್ತೆ ಬಿಗಿಯಲು ಹೋಗುತ್ತಾರೆ. ಬೀಸಿನ ಉತ್ತರ ಇರುವುದು ಆ ಸಡಿಲಿನಲ್ಲೇ. ಗಾಳಿ ಹೊಡೆದಾಗ ಹಾಯಿಯ ಮೇಲಿನ ಮೂರನೇ ಒಂದು ಭಾಗ ತಿರುಚಿ ಬಾಗಿಲು ತೆರೆದಂತೆ ತೆರೆದುಕೊಳ್ಳುತ್ತದೆ, ಹೆಚ್ಚಿನ ಗಾಳಿ ಅಲ್ಲಿಂದ ಹೊರಟುಹೋಗುತ್ತದೆ. ಬೀಸು ಇಳಿದಾಗ ಕಂಬದ ಚಿಮ್ಮುಗುಣ ಬಾಗಿಲನ್ನು ಮುಚ್ಚುತ್ತದೆ. ಎಳೆತದಲ್ಲಿ ಎರಡು ಬೆರಳಗಲದ ವ್ಯತ್ಯಾಸವಾದರೆ ಅದೇ ಹಾಯಿ ಬೇರೆ ಹಾಯಿಯಾಗುತ್ತದೆ. ಚಿಕ್ಕಪ್ಪನ ಸೂತ್ರದ ಗಂಟು ನೆನಪಾಗುತ್ತದೆ.

ಮುಚ್ಚುವುದು ಎಷ್ಟು ಬೇಗ ಎಂಬುದೂ ಮುಖ್ಯ. ಕಾರ್ಬನ್ ಕಡಿಮೆಯಿದ್ದು ಗಾಜಿನ ನಾರು ಹೆಚ್ಚಿರುವ ಕಂಬ ಭಾರ. ಬಾಗಿದ್ದು ನೆಟ್ಟಗಾಗಲು ತಡ ಮಾಡುತ್ತದೆ. ಒಂದು ಬೀಸಿಗೂ ಇನ್ನೊಂದಕ್ಕೂ ನಡುವೆ ಹೊತ್ತು ಸಿಕ್ಕರೆ ತೊಂದರೆಯಿಲ್ಲ. ಬೀಸುಗಳು ಒಂದರ ಬೆನ್ನಿಗೆ ಒಂದು ಬಂದರೆ ಹಾಯಿ ಹಿಂದಿನ ಬೀಸಿಗೆ ತೆರೆದುಕೊಂಡೇ ಇರುವಾಗ ಬಿಡುವು ಬಂದು, ಮುಚ್ಚಿಕೊಳ್ಳುವಾಗ ಮುಂದಿನ ಬೀಸು ಹೊಡೆಯುತ್ತದೆ. ತಾಳ ತಪ್ಪಿದ ಮದ್ದಳೆಯ ಹಾಗೆ.

ಈಗ ಕಡಲಿಗೆ ಹೋಗೋಣ. ಕರ್ನಾಟಕದಲ್ಲಿ ಅಲೆಯ ಮೇಲಿನ ಆಟಕ್ಕೆ ಹೆಸರಾದ ತೀರ ಮೂಲ್ಕಿ ಮತ್ತು ಸಸಿಹಿತ್ಲು. ಶಾಂಭವಿ, ನಂದಿನಿ ಎರಡೂ ಹೊಳೆಗಳು ಒಂದೇ ಅಳಿವೆಯಲ್ಲಿ ಕಡಲು ಸೇರುವ ಜಾಗ. ಹೊಳೆ ತಂದ ಮರಳು ನೀರಿನಡಿ ದಿಬ್ಬ ಕಟ್ಟಿ ಅಲೆಯನ್ನು ಎತ್ತಿ ಒಡೆಸುತ್ತದೆ. ಸಸಿಹಿತ್ಲಿನಲ್ಲಿ 2016ರಿಂದ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆಗಳು ನಡೆದಿವೆ. ಹಾಯಿಯಿಲ್ಲದ ಸರ್ಫಿಂಗ್ ಅದು. ಆದರೆ ಹಾಯಿ ಹಿಡಿದವನಿಗೂ ಅಲೆಯ ಪಾಠ ಒಂದೇ. ಮುಂಗಾರು ಮೈದುಂಬಿದಾಗ ಈ ಕಡಲಿಗೆ ಇಳಿಯಬಾರದು. ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿರುತ್ತವೆ. ಅಲೆಯ ಏರು ಇನ್ನೂ ಉಳಿದಿದ್ದು ಗಾಳಿ ತಗ್ಗಿರುವ ದಿನಗಳು ಆಮೇಲೆ ಬರುತ್ತವೆ.

ಅಲೆ ಒಡೆಯುವುದಕ್ಕೂ ಒಂದು ಅಳತೆಯಿದೆ. ಒಂದು ಮೀಟರ್ ಎತ್ತರದ ಅಲೆ ಸುಮಾರು 1.3 ಮೀಟರ್ ಆಳಕ್ಕೆ ಬಂದಾಗ ಮುಗ್ಗರಿಸುತ್ತದೆ. ಎದೆಮಟ್ಟದ ನೀರು ಅಷ್ಟೆ. ನಾಲ್ಕು ಮೀಟರಿನ ಕಂಬ ಅಲ್ಲಿ ತಲೆಕೆಳಗಾದರೆ ಅದರ ತುದಿ ಮರಳಿಗೆ ನಾಟುತ್ತದೆ, ಮೇಲಿನಿಂದ ನೀರು ಬೀಳುತ್ತದೆ, ಕಂಬ ಕಬ್ಬಿನ ಜಲ್ಲೆಯಂತೆ ಮುರಿಯುತ್ತದೆ. ಅಲೆಯ ಹಾಯಿಗಳನ್ನು ತೆಳು ಪಾರದರ್ಶಕ ಹಾಳೆಯಿಂದಷ್ಟೇ ಹೊಲಿಯದೆ ಒಳಗೆ ನೂಲಿನ ಜಾಲ ಸೇರಿಸುವುದು, ಹೊಲಿಗೆಯ ಸಾಲುಗಳನ್ನು ಇಮ್ಮಡಿ ಮಾಡುವುದು ಈ ಕಾರಣಕ್ಕೆ. ಪರೀಕ್ಷೆಯ ಒಂದು ಭಾಗ ಹೀಗೆ ಬರಿಯ ಗಟ್ಟಿತನದ್ದು. ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಒಂದು ವಾರ ಅಲೆಗೆ ಕೊಟ್ಟರೆ ಗೊತ್ತಾಗುತ್ತದೆ.

ಕಷ್ಟದ ಭಾಗ ಬೇರೆ. ಅಲೆಯ ನಡುವೆ ಹಾಯಿಗೆ ಎರಡು ವಿರುದ್ಧ ಕೆಲಸ. ದಡದಿಂದ ಹೊರಗೆ ಹೋಗುವಾಗ ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಗಾಳಿಯೇ ಇರುವುದಿಲ್ಲ. ಎದುರಿನ ಅಲೆಯೇ ಗೋಡೆಯಾಗಿ ತಡೆಯುತ್ತದೆ. ಅಲ್ಲಿ ಹಾಯಿ ಸಿಕ್ಕ ಚೂರುಪಾರು ಗಾಳಿಯನ್ನೂ ಹಿಡಿದು ಎಳೆಯಬೇಕು. ನೆತ್ತಿಗೆ ಏರಿದ ಕೂಡಲೇ ಗಾಳಿ ಪೂರ್ತಿ ಬಡಿಯುತ್ತದೆ. ಅದು ಅಲೆಯೇ ಹುಟ್ಟಿಸಿದ ಬೀಸು. ತಿರುಗಿ ಅಲೆಯ ಮುಖದ ಮೇಲೆ ಜಾರುವಾಗ ಓಡಿಸುವುದು ಅಲೆ, ಹಾಯಿ ಅಲ್ಲ. ಆಗ ಹಾಯಿ ಕೈಯಲ್ಲಿ ಇದೆಯೋ ಇಲ್ಲವೋ ಎಂಬಂತೆ ಸುಮ್ಮನಿರಬೇಕು. ಹೊಟ್ಟೆ ಆಳವಾಗಿ ಹೊಲಿದ ಹಾಯಿ ಮೊದಲನೆಯದನ್ನು ಚೆನ್ನಾಗಿ ಮಾಡುತ್ತದೆ, ಎರಡನೆಯದರಲ್ಲಿ ಎಳೆದಾಡುತ್ತದೆ. ಚಪ್ಪಟೆ ಹಾಯಿಯದು ಇದರ ತಿರುಗುಮುರುಗು. ಹಾಯಿ ಹೊಲಿಯುವವರು ದಶಕಗಳಿಂದ ಈ ಎರಡರ ನಡುವೆ ಹದ ಹುಡುಕುತ್ತಿದ್ದಾರೆ.

ಅದಕ್ಕೇ ಒರಟು ಗಾಳಿಯ ತೀರಗಳನ್ನು ಅವರು ಹುಡುಕಿಕೊಂಡು ಹೋಗುತ್ತಾರೆ. ಗ್ರ್ಯಾನ್ ಕನೇರಿಯಾ ದ್ವೀಪದ ಪೋಸೊ ಇಸ್ಕಿಯೆರ್ದೊ ಅಂಥದ್ದು. ವಾಣಿಜ್ಯ ಮಾರುತ ದ್ವೀಪದ ಎತ್ತರದ ಬೆಟ್ಟಗಳಿಗೆ ಬಡಿದು, ದಾಟಲಾಗದೆ ಪಕ್ಕಕ್ಕೆ ಒತ್ತರಿಸಿ, ಮೂಲೆಯಲ್ಲಿ ರಭಸವಾಗಿ ಹಾಯುವ ಜಾಗ. ಭೂಪಟ ನೋಡಿದರೆ ನಮಗೆ ಇದು ಹೊಸದಲ್ಲ. ನೀಲಗಿರಿಯ ದೊಡ್ಡಬೆಟ್ಟ 2,637 ಮೀಟರ್. ಪಶ್ಚಿಮದ ಗಾಳಿಗೆ ಅದು ಅಡ್ಡಗೋಡೆ. ಗೋಡೆಯ ಬಡಗು ಪಕ್ಕದಲ್ಲಿ ವಯನಾಡಿನ ತಗ್ಗು ಪ್ರಸ್ಥಭೂಮಿ, ಅದರ ಹಿಂದೆ ಗುಂಡ್ಲುಪೇಟೆ.

ಇನ್ನು ಎರಡು ಹಾಯಿಗಳನ್ನು ಹೋಲಿಸುವ ಬಗೆ. ಬೆಳಿಗ್ಗೆ ಒಂದನ್ನು, ಮಧ್ಯಾಹ್ನ ಇನ್ನೊಂದನ್ನು ಓಡಿಸಿ 'ಎರಡನೆಯದು ಚೆನ್ನಾಗಿದೆ' ಎಂದರೆ ಅದು ಮಧ್ಯಾಹ್ನದ ಗಾಳಿಯ ಬಗ್ಗೆ ಹೇಳಿದ ಮಾತು. ಬೀಸುಗಳ ಏರಿಳಿತವೇ ದೊಡ್ಡದಾದಾಗ ಹಾಯಿಗಳ ನಡುವಿನ ಸಣ್ಣ ವ್ಯತ್ಯಾಸ ಅದರಲ್ಲಿ ಮುಳುಗಿಹೋಗುತ್ತದೆ. ಚಾಮರಾಜನಗರದ ಹತ್ತಿರ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ತಳಿ ಪರೀಕ್ಷೆ ನಡೆಸುವವರಿಗೆ ಈ ತೊಡಕು ಹಳೆಯ ಪರಿಚಯ. ಒಂದು ಹೊಲದ ಮೇಲ್ಗಡೆ ಮಣ್ಣು ಕೆಂಪು, ಕೆಳಗಡೆ ಕಪ್ಪು. ಒಂದು ತಳಿಯನ್ನು ಮೇಲೆ, ಇನ್ನೊಂದನ್ನು ಕೆಳಗೆ ಹಾಕಿದರೆ ಗೆದ್ದದ್ದು ತಳಿಯೋ ಮಣ್ಣೋ ತಿಳಿಯದು. ಆದ್ದರಿಂದ ಹೊಲವನ್ನು ಸಣ್ಣ ತಾಕುಗಳಾಗಿ ಒಡೆದು, ಪ್ರತಿ ತಳಿಯನ್ನೂ ಹಲವು ತಾಕುಗಳಲ್ಲಿ ಚೀಟಿ ಎತ್ತಿದಂತೆ ಹಂಚುತ್ತಾರೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಗಟ್ಟಿ ಮಾಡಿದ ಕ್ರಮ ಇದು.

ಕಡಲಿನಲ್ಲಿ ತಾಕು ಎಂದರೆ ಹೊತ್ತು. ಹತ್ತು ಹತ್ತು ನಿಮಿಷ ಮೊದಲ ಹಾಯಿ, ಎರಡನೆಯದು, ಮತ್ತೆ ಮೊದಲನೆಯದು ಎಂದು ಬದಲಿಸುತ್ತ ಹೋಗಬೇಕು. ಇಬ್ಬರಿದ್ದರೆ ಅಕ್ಕಪಕ್ಕದಲ್ಲೇ ಓಡಿಸಿ, ನಡುವೆ ಹಾಯಿಯನ್ನು ಅದಲುಬದಲು ಮಾಡಿಕೊಳ್ಳಬಹುದು. ಒಂದು ಸಲಕ್ಕೆ ಒಂದೇ ವಸ್ತು ಬದಲಾಗಬೇಕು. ಹಾಯಿ ಬದಲಿಸಿದ ದಿನ ಬೋರ್ಡು, ಕೈಗಳು ಹಿಡಿಯುವ ಅಡ್ಡಕೋಲಾದ ಬೂಮು, ಅಡಿಯ ಫಿನ್ನು ಅದೇ ಇರಬೇಕು. ಡೌನ್‌ಹಾಲ್ ಹಗ್ಗದ ಮೇಲೆ ಬಣ್ಣದ ಗುರುತು ಹಾಕಿ ಎಳೆತವನ್ನು ಬರೆದಿಟ್ಟುಕೊಳ್ಳಬೇಕು. ಇಷ್ಟು ಶಿಸ್ತಿಲ್ಲದೆ ಬರೆದ ಪರೀಕ್ಷಾ ವರದಿಗಳನ್ನು ನಾನು ನಂಬುವುದಿಲ್ಲ. ಕೊಳ್ಳುವವರು ಕಷ್ಟಪಟ್ಟು ಕೂಡಿಟ್ಟ ಹಣ ಅದರ ಮೇಲೆ ನಿಂತಿರುತ್ತದೆ.

ಹಾಯಿ ನಮಗೆ ಬರಿಯ ಆಟದ ವಸ್ತುವೂ ಅಲ್ಲ. 1979ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಪಿ. ಗೋವಿಂದರಾಜು ಮತ್ತು ಮೇಲೆ ಹೇಳಿದ ರೊದ್ದಂ ನರಸಿಂಹ ಹಾಯಿಬಟ್ಟೆಯ ರೋಟರಿನಿಂದ ನೀರೆತ್ತುವ ಅಗ್ಗದ ಗಾಳಿಯಂತ್ರವೊಂದರ ವಿವರ ಪ್ರಕಟಿಸಿದರು. ಫಿನ್ಲೆಂಡಿನ ಸವೋನಿಯಸ್ ರೂಪಿಸಿದ ಲಂಬ ರೋಟರಿನ ಲೋಹದ ತಗಡಿಗೆ ಬದಲಾಗಿ ಬಟ್ಟೆ. ಗಾಳಿಸುರಂಗದ ಮುಂದೆ ಕುಳಿತು ಪ್ರಕ್ಷುಬ್ಧ ಹರಿವನ್ನು ಓದಿದವರು ರೈತನ ಬಾವಿಯ ಪಕ್ಕ ಹಾಯಿ ಕಟ್ಟುವ ಯೋಚನೆಗೆ ಬಂದರು. ಗಾಳಿ ಧಾರಾಳವಾಗಿದ್ದು ನೀರು ಆಳಕ್ಕೆ ಇಳಿದಿರುವ ನಮ್ಮ ಮಳೆನೆರಳಿನ ಸೀಮೆಯಲ್ಲಿ ನಿಂತಾಗ ಆ ಕೆಲಸವನ್ನು ಮತ್ತೆ ಮತ್ತೆ ನೆನೆಯುತ್ತೇನೆ.

ಪರೀಕ್ಷೆಗೆ ಇಳಿದವನು ಅಳೆಯುವುದಾದರೂ ಏನು? ವೇಗ ಅಳೆಯುವುದು ಸುಲಭ, ಕೈಗಡಿಯಾರದಷ್ಟು ಚಿಕ್ಕ ಜಿಪಿಎಸ್ ಅದನ್ನು ಮಾಡುತ್ತದೆ. ಅಲೆಯ ನಡುವೆ ಅದು ಹೆಚ್ಚೇನೂ ಹೇಳುವುದಿಲ್ಲ. ನೋಡಬೇಕಾದದ್ದು ಹಿಂದಿನ ಕೈಯನ್ನು. ಬೂಮಿನ ಮೇಲೆ ಮುಂದಿನ ಕೈ ದಿಕ್ಕು ಹಿಡಿಯುತ್ತದೆ, ಹಿಂದಿನ ಕೈ ಗಾಳಿ ಹಿಡಿಯುತ್ತದೆ. ಕೆಟ್ಟ ಹಾಯಿಯಲ್ಲಿ ಬೀಸು ಬಂದಾಗ ಹಾಯಿಯ ಹೊಟ್ಟೆ ಹಿಂದಕ್ಕೆ ಸರಿದು ಎಳೆತವೆಲ್ಲ ಹಿಂದಿನ ಕೈಗೆ ಬೀಳುತ್ತದೆ. ಬೇರೆ ದಾರಿಯಿಲ್ಲದೆ ಅವನು ಆ ಕೈಯನ್ನು ಸಡಿಲಿಸಿ ಹಾಯಿಯನ್ನು ತೆರೆಯುತ್ತಾನೆ, ಓಟ ಕುಂಟುತ್ತದೆ. ಒಳ್ಳೆಯ ಹಾಯಿಯಲ್ಲಿ ಹೊಟ್ಟೆ ಇದ್ದಲ್ಲೇ ಇರುತ್ತದೆ. ತುದಿ ತೆರೆಯುತ್ತದೆ, ಬೋರ್ಡು ಮುಂದಕ್ಕೆ ಚಿಮ್ಮುತ್ತದೆ, ಕೈ ಕದಲುವುದಿಲ್ಲ. ದಡದಲ್ಲಿ ಕೂತವರು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಎಳೆದುಕೊಂಡು ಕೂತರೆ ಸಾಕು. ಬೀಸು ಬರುವುದು ನೀರಿನ ಮೇಲೇ ಕಾಣುತ್ತದೆ. ಸಣ್ಣ ಸುಕ್ಕುಗಳೆದ್ದು ಆ ಜಾಗ ಕಪ್ಪಗಾಗಿ, ಆ ಕಪ್ಪು ಹಾಯಿಯ ಕಡೆಗೆ ಓಡುತ್ತದೆ, ನಮ್ಮ ಹೊಲದ ಮೇಲೆ ಬಾಗು ಓಡಿದ ಹಾಗೆಯೇ. ಅದು ಹಾಯಿಗೆ ತಾಗಿದಾಗ ಒಂದು ಸಾಲಿನಲ್ಲಿ ಒಂದು ಗೀಟು. ಹಿಂದಿನ ಕೈ ಸಡಿಲಿದರೆ ಎರಡನೇ ಸಾಲಿನಲ್ಲಿ ಇನ್ನೊಂದು. ಹತ್ತು ನಿಮಿಷವಾದ ಮೇಲೆ ಅವನು ದಡಕ್ಕೆ ಬಂದು, ಹಾಯಿ ಬದಲಿಸಿ, ಹಗ್ಗವನ್ನು ಬಣ್ಣದ ಗುರುತಿನವರೆಗೆ ಎಳೆದು, ಮತ್ತೆ ನೀರಿಗಿಳಿಯುತ್ತಾನೆ. ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ.